ನಾವರಿಯದ ನಮ್ಮ ನಾಡು

ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆಯನ್ನು ಕೇಳದವರು ನಮ್ಮಲ್ಲಿ ಇರಲಾರರು. ಈ ಗಾದೆಯು ಔಷಧಿಗೆ ಹೇಗೋ ಹಾಗೆಯೇ ಅರಿವಿಗೂ ಸಲ್ಲುವುದು. ಶಾಲೆಯ ಭೂಗೋಳದ ಪಾಠದಲ್ಲಿ ನಾವೆಲ್ಲರೂ ನೈಲ್ ನದಿಯ ಉದ್ದವನ್ನೂ ಆಲ್ಪ್ಸ್ ಪರ್ವತಗಳ ಎತ್ತರವನ್ನೂ ಬಾಯಿಪಾಠ ಮಾಡಿದವರೇ; ಹಿಮಸಮುದ್ರದ ಪೆಂಗ್ವಿನ್ ಪಕ್ಷಿಯ ಚಿತ್ರವನ್ನು ಬರೆದು ಬಣ್ಣ ಹಚ್ಚಿದವರೇ. ಆದರೆ ಮದ್ದೂರು ಸೀಮೆಯ ಒಂದು ಹಳ್ಳಿಯಲ್ಲಿ ಆಳುದ್ದದ ರೆಕ್ಕೆಯುಳ್ಳ ನೀರುಹಕ್ಕಿಗಳು ಮನೆಯ ಮುಂದಣ ಹುಣಿಸೆಯ ಮರದಲ್ಲಿಯೇ ಗೂಡುಕಟ್ಟಿ ಮರಿಮಾಡುತ್ತವೆಂಬುದನ್ನು ನಮ್ಮಲ್ಲಿ ಎಷ್ಟು ಮಂದಿ ಬಲ್ಲರು? ಬೇರುಗಳನ್ನು ಮೊಣಕಾಲಿನಂತೆ ಮಡಿಸಿ ನೀರಿನಿಂದ ಮೇಲಕ್ಕೆ ಎತ್ತಿ ಉಸಿರಾಡುವ ಮರಗಳು ಸಿದ್ದಾಪುರದ ಕಾಡಿನಲ್ಲಿ ಇರುವುದನ್ನು ಎಷ್ಟು ಮಂದಿ ಕೇಳಿರುವರು?

ಹಂಪೆಯ ಅವಶೇಷಗಳನ್ನೂ ಬೇಲೂರಿನ ಶಿಲ್ಪವನ್ನೂ ಜೋಗದ ಜಲಪಾತವನ್ನೂ ಕುರಿತು ಬರೆದವರು ಬಹುಮಂದಿ. ಅವುಗಳನ್ನು ಬಿಟ್ಟು, ಅಷ್ಟಾಗಿ ಹೆಸರಾಗದ ಕೆಲವು ಸಂಗತಿಗಳನ್ನು ಇಲ್ಲಿ ವಾಚಕರ ಮುಂದಿಡಲು ಯತ್ನಿಸುವೆನು. ಇವು ಒಂದಕ್ಕೊಂದು ಸಂಬಂಧವಿಲ್ಲದ ವಿಚಿತ್ರಗಳೆಂದು ಮೊದಲ ನೋಟಕ್ಕೆ ತೋರಬಹುದು. ಆದರೆ ಕೂಡಿಸಿ ನೋಡಿದಾಗ ಇವೆಲ್ಲವುಗಳಲ್ಲಿ ಒಂದೇ ದಾರವು ಹಾದುಹೋಗಿರುವುದು ಕಾಣುವುದು. ನಮ್ಮ ನಾಡಿನಲ್ಲಿ ಪ್ರಕೃತಿಯ ಸೊಬಗು ಉಳಿದಿರುವ ಕಡೆಗಳಲ್ಲಿ ಹೆಚ್ಚಿನವು ತಾವಾಗಿಯೇ ಉಳಿದವುಗಳಲ್ಲ. ಅಲ್ಲಿನ ಜನರು ತಮಗೆ ತಾವೇ ಹಾಕಿಕೊಂಡ ಒಂದು ಮಿತಿಯಿಂದ ಉಳಿದವು. ಆ ಮಿತಿಯೇ ನಮ್ಮ ಸಂಸ್ಕೃತಿಯ ಅತಿ ಕಡಮೆ ತಿಳಿದ ಭಾಗವೆಂದು ಹೇಳಬಹುದು.

ಮೊದಲು ಮೇಲೆ ಹೇಳಿದ ಹಳ್ಳಿಯ ವಿಷಯವನ್ನೇ ತೆಗೆದುಕೊಳ್ಳೋಣ. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನಲ್ಲಿ, ಶಿಂಷಾ ನದಿಗೆ ಅನತಿದೂರದಲ್ಲಿ, ಬೆಳ್ಳೂರು ಎಂಬ ಗ್ರಾಮವಿದೆ. ಅಲ್ಲಿಗೆ ಬರುವ ಪಕ್ಷಿಗಳಿಂದಲೇ ಅದಕ್ಕೆ ಕೊಕ್ಕರೆ ಬೆಳ್ಳೂರು ಎಂಬ ಹೆಸರಾಯಿತು. ಚಳಿಗಾಲವು ಮೊದಲಾಗುತ್ತಲೇ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಗುಂಪುಗುಂಪಾಗಿ ಬಂದು ಊರಿನೊಳಗಣ ಹುಣಿಸೆ, ಆಲ, ಅರಳಿ ಮುಂತಾದ ಮರಗಳಲ್ಲಿ ಗೂಡುಕಟ್ಟುವವು. ಮುಂಗಾರಿನ ಹೊತ್ತಿಗೆ ರೆಕ್ಕೆ ಬಲಿತ ಮರಿಗಳೊಡನೆ ಹೊರಟುಹೋಗುವವು. ಹೆಜ್ಜಾರ್ಲೆಯು ಕೊಕ್ಕಿನ ಕೆಳಗೆ ಜೋಲುವ ಚೀಲವುಳ್ಳ ದೊಡ್ಡ ಹಕ್ಕಿ. ಇಂತಹ ಪಕ್ಷಿಗಳು ಸಾಮಾನ್ಯವಾಗಿ ಮನುಷ್ಯನ ಸುಳಿವಿಲ್ಲದ ಜಾಗವನ್ನು ಹುಡುಕುವವು. ಇಲ್ಲಿಯಾದರೋ ಕೆಳಗೆ ದನಗಳನ್ನು ಕಟ್ಟಿರುವರು, ಮಕ್ಕಳು ಆಡುತ್ತಿರುವರು, ಹೆಂಗಸರು ರಾಗಿಯನ್ನು ಕೇರುತ್ತಿರುವರು. ಮೇಲೆ ತಾಯಿಹಕ್ಕಿಯು ಮರಿಗೆ ಮೀನನ್ನು ಉಣಿಸುತ್ತಿರುವುದು.

ಆ ಊರಿನವರು ಈ ಪಕ್ಷಿಗಳನ್ನು ಹೆರಿಗೆಗಾಗಿ ತವರಿಗೆ ಬಂದ ಹೆಣ್ಣುಮಕ್ಕಳೆಂದು ಭಾವಿಸುವರು. ತವರಿಗೆ ಬಂದ ಮಗಳನ್ನು ಕಲ್ಲೆಸೆದು ಓಡಿಸುವವರು ಯಾರಾದರೂ ಉಂಟೇ? ಹಕ್ಕಿಗಳು ಬಂದ ವರ್ಷ ಮಳೆಬೆಳೆಗಳು ಚೆನ್ನಾಗಿ ಆಗುವುವೆಂದು ಅವರ ನಂಬಿಕೆ. ಹಿಂದೆ ಪ್ಲೇಗಿನ ಕಾಲದಲ್ಲಿ ಜನರು ಹಳೆಯ ಊರನ್ನು ಬಿಟ್ಟು ಈಗಿನ ಜಾಗಕ್ಕೆ ಬಂದಾಗ ಹಕ್ಕಿಗಳೂ ಅವರನ್ನು ಹಿಂಬಾಲಿಸಿ ಬಂದುವೆಂದು ಅಲ್ಲಿಯ ವೃದ್ಧರು ಹೇಳುವುದುಂಟು. ಪಕ್ಷಿಗಳ ಹಿಕ್ಕೆಯು ಮಣ್ಣಿನಲ್ಲಿ ಬೆರೆತು ಒಳ್ಳೆಯ ಗೊಬ್ಬರವಾಗುವುದರಿಂದ ಹೊಲಕ್ಕೂ ಅನುಕೂಲವುಂಟು.

ಆದರೆ ಈ ಆತಿಥ್ಯಕ್ಕೆ ತೆರಬೇಕಾದ ಬೆಲೆಯನ್ನು ನಾವು ಮರೆಯಲಾಗದು. ಹುಣಿಸೆಯ ಕಾಯಿ ಹಣ್ಣಾಗಿ ಉದುರಿಸತಕ್ಕ ಕಾಲವೂ ಹಕ್ಕಿಗಳು ಗೂಡಿನಲ್ಲಿರುವ ಕಾಲವೂ ಒಂದೇ. ಕೊಂಬೆಯನ್ನು ಬಡಿದರೆ ಮೊಟ್ಟೆ ಮರಿಗಳು ಕೆಳಗೆ ಬೀಳುವುವು. ಬಡಿಯದಿದ್ದರೆ ವರ್ಷದ ಫಸಲು ನಷ್ಟವಾಗುವುದು. ಬಡ ರೈತನು ಎಷ್ಟೋ ಕಾಲ ಈ ನಷ್ಟವನ್ನು ತಾನೇ ಹೊತ್ತನು. ಹೊರಗಿನ ಲೋಕಕ್ಕೆ ಈ ಊರಿನ ಮಹತ್ವವು ತಿಳಿದದ್ದು ೧೯೭೬ನೆಯ ಇಸವಿಯಲ್ಲಿ, ಅರಣ್ಯಾಧಿಕಾರಿಗಳಾಗಿದ್ದ ಎಸ್. ಜಿ. ನೇಗಿನಹಾಳರು ಇಲ್ಲಿಗೆ ಬಂದು ನೋಡಿದ ಬಳಿಕ. ಅನಂತರ ಗೂಡುಗಳಿರುವ ಮರದ ಒಡೆಯರಿಗೆ ಸರ್ಕಾರದಿಂದ ವರ್ಷಕ್ಕಿಷ್ಟೆಂದು ಹಣವನ್ನು ಕೊಡುವ ಏರ್ಪಾಡಾಯಿತು. ಊರಿನ ಯುವಕರು ಹೆಜ್ಜಾರ್ಲೆ ಬಳಗವೆಂಬ ಹೆಸರಿನಿಂದ ಕೂಡಿಕೊಂಡು, ಗೂಡಿನಿಂದ ಬಿದ್ದ ಮರಿಗಳನ್ನು ಎತ್ತಿ ಮೀನುಣಿಸಿ ಸಾಕತೊಡಗಿದರು. ೨೦೦೭ರಲ್ಲಿ ಇದು ಸಮುದಾಯ ಮೀಸಲು ಪ್ರದೇಶವಾಯಿತು. ಇಷ್ಟಾದರೂ ಅಪಾಯವು ತಪ್ಪಿಲ್ಲ. ೨೦೧೭ರ ಕೊನೆಯಲ್ಲಿಯೂ ೨೦೧೮ರ ಮೊದಲಲ್ಲಿಯೂ ಹೊಟ್ಟೆಯ ಹುಳುಗಳ ಬಾಧೆಯಿಂದ ಅನೇಕ ಹೆಜ್ಜಾರ್ಲೆಗಳು ಒಂದರ ಹಿಂದೊಂದು ಸತ್ತುಬಿದ್ದುವು. ಅವು ತಿಂದ ಮೀನಿನಿಂದಲೇ ಈ ಹುಳುಗಳು ಬಂದುವೆಂದು ತಜ್ಞರ ಅಭಿಪ್ರಾಯ. ಊರು ತನ್ನ ಮಕ್ಕಳನ್ನು ಅಕ್ಕರೆಯಿಂದ ಕಾದರೂ ಸುತ್ತಣ ಕೆರೆಕುಂಟೆಗಳ ನೀರು ಕೆಟ್ಟರೆ ಅದು ಮಾಡತಕ್ಕದ್ದೇನು?

ಶ್ರೀರಂಗಪಟ್ಟಣದ ಬಳಿಯ ರಂಗನತಿಟ್ಟನ್ನು ಬಹುಮಂದಿ ಬಲ್ಲರು. ಆದರೆ ಆ ನಡುಗಡ್ಡೆಗಳು ಪಕ್ಷಿಗಳ ಬೀಡಾದ ಬಗೆಯನ್ನು ಬಲ್ಲವರು ಕಡಮೆ. ೧೭ನೆಯ ಶತಮಾನದ ನಡುವಿನಲ್ಲಿ ಮೈಸೂರಿನ ಅರಸರು ಬೇಸಾಯಕ್ಕಾಗಿ ಕಾವೇರಿಗೆ ಅಡ್ಡಲಾಗಿ ಒಂದು ಒಡ್ಡನ್ನು ಕಟ್ಟಿಸಿದರು. ಅದರಿಂದ ನೀರು ಹರಡಿ ಈ ಚಿಕ್ಕ ದ್ವೀಪಗಳು ಉಂಟಾದುವು. ಸುತ್ತಲೂ ನೀರು, ನೀರಿನಲ್ಲಿ ಮೊಸಳೆ. ಹೀಗಿರಲು ಕಳ್ಳಬೆಕ್ಕುಗಳ ಭಯವಿಲ್ಲದೆ ಹಕ್ಕಿಗಳು ನೆಲೆಸಿದುವು. ೧೯೪೦ರಲ್ಲಿ ಪಕ್ಷಿಶಾಸ್ತ್ರಜ್ಞ ಸಾಲಿಂ ಅಲಿಯವರು ಕಂಡು ಹೇಳಿದ ಮೇಲೆ ಮಹಾರಾಜರ ಸರ್ಕಾರವು ಇದನ್ನು ಪಕ್ಷಿಧಾಮವೆಂದು ಸಾರಿತು. ೨೦೨೨ರಲ್ಲಿ ಇದು ಜಗತ್ತಿನ ಮಹತ್ವದ ಜೌಗುನೆಲಗಳ ರಾಮ್‌ಸಾರ್ ಪಟ್ಟಿಗೆ ಸೇರಿತು. ನಮ್ಮ ರಾಜ್ಯದಿಂದ ಆ ಪಟ್ಟಿಗೆ ಸೇರಿದ ಮೊದಲನೆಯ ಸ್ಥಳವಿದು. ಹೊಲಕ್ಕೆ ನೀರುಣಿಸಲು ಕಟ್ಟಿದ ಒಡ್ಡು ಹಕ್ಕಿಗಳಿಗೂ ಮನೆಯಾಯಿತು. ಗದಗ ಜಿಲ್ಲೆಯ ಮಾಗಡಿ ಕೆರೆಯದೂ ಇಂತಹುದೇ ಕಥೆ. ರೈತರು ಬಳಸುವ ಆ ಕೆರೆಗೆ ಪ್ರತಿ ಚಳಿಗಾಲದಲ್ಲಿಯೂ ಪಟ್ಟೆತಲೆಯ ಹೆಬ್ಬಾತುಗಳು ಮಧ್ಯ ಏಷ್ಯದಿಂದ ಹಿಮಾಲಯವನ್ನೇ ಹಾರಿ ದಾಟಿ ಬಂದಿಳಿಯುವುವು.

ಇನ್ನು ಕೊಡಗಿಗೆ ಹೋಗೋಣ. ಕಾವೇರಿಯ ತವರಾದ ಆ ಚಿಕ್ಕ ನಾಡಿನಲ್ಲಿ ದೇವರಕಾಡುಗಳೆಂದು ಕರೆಯುವ ಸಾವಿರದ ಇನ್ನೂರಕ್ಕೂ ಹೆಚ್ಚು ಕಾಡಿನ ತುಣುಕುಗಳಿವೆ. ಕೆಲವು ಒಂದೆರಡು ಎಕರೆಯಷ್ಟು ಸಣ್ಣವು, ಕೆಲವು ನೂರಾರು ಎಕರೆಯವು. ಬಹುಮಟ್ಟಿಗೆ ಊರಿಗೊಂದಾದರೂ ದೇವರಕಾಡು ಉಂಟು. ಅಲ್ಲಿ ಮರವನ್ನು ಕಡಿಯಬಾರದು, ಬೇಟೆಯಾಡಬಾರದು ಎಂಬುದು ಹಿಂದಿನಿಂದ ನಡೆದುಬಂದ ಕಟ್ಟು. ಕೊಡವರು ಹೆಸರಾಂತ ಬೇಟೆಗಾರರು; ಕೋವಿಯನ್ನು ಮನೆಯ ಮಾನವೆಂದು ತಿಳಿಯುವವರು. ಅಂತಹವರೇ ಕೋವಿಯನ್ನು ಎತ್ತಬಾರದ ಕಾಡನ್ನು ತಮ್ಮ ಊರಿನ ಮಗ್ಗುಲಲ್ಲಿ ಇರಿಸಿಕೊಂಡಿರುವುದು ಎಷ್ಟು ಸೋಜಿಗ! ಬೇಟೆಯ ದೈವವಾದ ಅಯ್ಯಪ್ಪನ ಬನಗಳಲ್ಲಿ ಭಕ್ತರು ಹರಕೆಯಾಗಿ ಒಪ್ಪಿಸಿದ ಮಣ್ಣಿನ ನಾಯಿಗಳು ಮರಗಳ ಬುಡದಲ್ಲಿ ಸಾಲಾಗಿ ಕುಳಿತಿರುವುದನ್ನು ಇಂದಿಗೂ ಕಾಣಬಹುದು.

ಕೊಡಗಿನ ಬೆಟ್ಟಗಳನ್ನು ಕಾಫಿಯ ತೋಟಗಳು ಆವರಿಸಿದಂತೆ, ಹಳೆಯ ಕಾಡಿನ ಮರಗಳೂ ಅಣಬೆಗಳೂ ಹಕ್ಕಿಗಳೂ ತೋಟಗಳ ನಡುವಣ ಈ ತುಣುಕುಗಳಲ್ಲಿ ಉಳಿದುಕೊಂಡುವು. ಆದರೆ ತುಣುಕುಗಳೂ ಕರಗುತ್ತ ಬಂದಿವೆ. ೧೯೦೫ರ ಲೆಕ್ಕದಲ್ಲಿ ೧೫,೦೦೦ ಎಕರೆಗೂ ಮೀರಿದ್ದ ದೇವರಕಾಡುಗಳು ೧೯೮೫ರ ಹೊತ್ತಿಗೆ ಸುಮಾರು ೬,೩೦೦ ಎಕರೆಗೆ ಇಳಿದಿದ್ದುವು. ತೋಟವು ಅಂಚಿನಿಂದ ಒಳಸರಿಯಿತು, ಮನೆಗಳೆದ್ದುವು. ಇನ್ನೊಂದು ಕಾರಣವು ವಿಚಿತ್ರವಾದುದು. ಹಿಂದೆ ದೇವರಿಗೆ ಗುಡಿಯಿರಲಿಲ್ಲ, ಒಂದು ಕಲ್ಲೋ ಮರದ ಬುಡವೋ ಇದ್ದಿತು. ಕಾಡೆಲ್ಲವೂ ದೇವರ ಮನೆಯಾಗಿದ್ದಿತು. ಮುಂದೆ ಭಕ್ತರು ಕಟ್ಟಡವನ್ನು ಕಟ್ಟಿಸಿದರು. ಕಟ್ಟಡಕ್ಕೆ ಅಂಗಳ ಬೇಕಾಯಿತು, ಅಂಗಳಕ್ಕೆ ದಾರಿ ಬೇಕಾಯಿತು. ದೇವರಿಗೆ ಮಾಡು ಬಂದ ಕಡೆ ಕಾಡಿಗೆ ನೆಲೆ ತಪ್ಪಿತು. ಭಕ್ತಿಯು ಕಡಮೆಯಾದುದರಿಂದ ಮಾತ್ರವಲ್ಲ, ಭಕ್ತಿಯ ರೀತಿಯು ಬದಲಾದುದರಿಂದಲೂ ಕಾಡು ಅಳಿಯಬಹುದೆಂಬುದಕ್ಕೆ ಇದು ದೃಷ್ಟಾಂತ.

ಉತ್ತರ ಕನ್ನಡದ ಸಿದ್ದಾಪುರ ತಾಲ್ಲೂಕಿನಲ್ಲಿ, ಜೋಗದಿಂದ ಗೇರುಸೊಪ್ಪೆಯ ಕಡೆಗೆ ಇಳಿಯುವ ದಾರಿಯ ಮಗ್ಗುಲಲ್ಲಿ, ಕತ್ತಲೆಕಾನು ಎಂಬ ಕಾಡಿದೆ. ಹೆಸರಿಗೆ ತಕ್ಕಂತೆ ಹಗಲಿನಲ್ಲಿಯೂ ಅಲ್ಲಿ ಮಬ್ಬು. ಹಳ್ಳಗಳ ಅಂಚಿನ ಕೆಸರುನೆಲದಲ್ಲಿ ಜಾಯಿಕಾಯಿಯ ವಂಶಕ್ಕೆ ಸೇರಿದ ಕಾಡುಮರಗಳು ಬೆಳೆಯುವುವು. ಇಂತಹ ತಾಣಕ್ಕೆ ರಾಮಪತ್ರೆಯ ಜಡ್ಡಿಯೆಂದು ಹೆಸರು. ಸದಾ ನೀರು ನಿಂತ ನೆಲದಲ್ಲಿ ಬೇರಿಗೆ ಗಾಳಿ ಸಾಲದು. ಆದುದರಿಂದ ಈ ಮರಗಳ ಬೇರು ನೀರಿನಿಂದ ಮೇಲೆದ್ದು, ಮೊಣಕಾಲಿನಂತೆ ಬಾಗಿ, ಗಾಳಿಯನ್ನು ಹೀರಿ, ಮತ್ತೆ ಮಣ್ಣಿಗೆ ಇಳಿಯುವುದು. ಹೂಬಿಡುವ ಗಿಡಗಳಲ್ಲಿಯೇ ಬಹು ಪ್ರಾಚೀನವಾದ ವಂಶವೊಂದರ ಮರಗಳಿವು. ಲೋಕದ ವಿಜ್ಞಾನಕ್ಕೆ ಹೊಸದಾಗಿದ್ದ ಒಂದು ಮರದ ಜಾತಿಯನ್ನು ಇಲ್ಲಿ ಗುರುತಿಸಿ ೨೦೦೦ದ ಇಸವಿಯಲ್ಲಿ ಅದಕ್ಕೆ ಕತ್ತಲೆಕಾನಿನ ಹೆಸರನ್ನೇ ಇಟ್ಟರು. ಅದು ಗೇರಿನ ಬಳಗಕ್ಕೆ ಸೇರಿದ್ದು. ಅದರ ಬೆಳೆದ ಮರಗಳು ಬೆರಳೆಣಿಕೆಗೆ ಸಮೀಪವಾದಷ್ಟು ವಿರಳ. ಪಶ್ಚಿಮ ಘಟ್ಟಗಳನ್ನು ಬಿಟ್ಟು ಜಗತ್ತಿನಲ್ಲಿ ಬೇರೆಲ್ಲಿಯೂ ಇಲ್ಲದ ಸಿಂಗಳೀಕವೂ ಈ ಸೀಮೆಯ ನಿವಾಸಿ.

ಇಂತಹ ಕಾನುಗಳನ್ನು ಹಳಬರು ವ್ಯರ್ಥವಾದ ಕಾಡೆಂದು ತಿಳಿದಿರಲಿಲ್ಲ. ಕಾನಿನ ತಂಪಿನಲ್ಲಿ ಮರಗಳನ್ನು ತಬ್ಬಿ ಕಾಳುಮೆಣಸಿನ ಬಳ್ಳಿ ಬೆಳೆಯುತ್ತಿತ್ತು. ೧೬ನೆಯ ಶತಮಾನದಲ್ಲಿ ಗೇರುಸೊಪ್ಪೆಯನ್ನು ಆಳಿದ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿಯೆಂದೇ ಕರೆದರು. ಹೆಂಗಸೊಬ್ಬಳು ಸುಮಾರು ಅರ್ಧ ಶತಮಾನದಷ್ಟು ಕಾಲ ರಾಜ್ಯವನ್ನಾಳಿ, ಕಡಲಾಚೆಯ ವರ್ತಕರೊಡನೆ ಸರಿಸಮನಾಗಿ ವ್ಯವಹರಿಸಿದ ಸಂಗತಿಯು ನಮ್ಮ ಹೆಣ್ಣುಮಕ್ಕಳು ಅವಶ್ಯವಾಗಿ ತಿಳಿಯತಕ್ಕದ್ದು. ಆಕೆಯ ಐಶ್ವರ್ಯದ ಮೂಲವು ನಿಂತ ಕಾಡೇ ಹೊರತು ಕಡಿದ ಕಾಡಲ್ಲವೆಂಬುದನ್ನೂ ಅದರೊಡನೆ ತಿಳಿಯಬೇಕು.

ನದಿಗಳಲ್ಲಿಯೂ ನಮ್ಮವರು ಮಿತಿಯ ಗೆರೆಯನ್ನು ಎಳೆದಿದ್ದರು. ಶೃಂಗೇರಿಯಲ್ಲಿ ತುಂಗೆಯ ಮೆಟ್ಟಿಲುಗಳ ಬಳಿ ದೊಡ್ಡ ದೊಡ್ಡ ಮೀನುಗಳು ನಿರ್ಭಯವಾಗಿ ಬಂದು ಯಾತ್ರಿಕರು ಎಸೆದುದನ್ನು ತಿನ್ನುವುದನ್ನು ನೋಡಿದವರು ಅನೇಕರು. ಬೆಳ್ತಂಗಡಿ ತಾಲ್ಲೂಕಿನ ಶಿಶಿಲದಲ್ಲಿ, ಕಪಿಲೆಯೆಂಬ ಹೊಳೆಯ ಮಡುವಿನಲ್ಲಿಯೂ ಇದೇ ಕ್ರಮವಿದೆ. ಅಲ್ಲಿ ಬಲೆ ಗಾಳಗಳಿಗೆ ಎಡೆಯಿಲ್ಲ. ದೇವರ ಮೀನೆಂಬ ಭಾವನೆಯಿಂದ ಹೊಳೆಯ ಒಂದು ತುಂಡು ಉಳಿದರೆ ಅಲ್ಲಿ ಬೆಳೆದ ತಾಯಿಮೀನುಗಳ ಸಂತತಿಯು ಹೊಳೆಯ ಮಿಕ್ಕ ಭಾಗಕ್ಕೂ ಹರಡುವುದು. ೧೯೯೬ರಲ್ಲಿ ದುರಾತ್ಮರು ಯಾರೋ ಶಿಶಿಲದ ನೀರಿಗೆ ವಿಷವಿಕ್ಕಿದರು; ಸಾವಿರಾರು ಮೀನುಗಳು ತೇಲಿದುವು. ಊರವರು ಅಷ್ಟಕ್ಕೇ ಕೈಚೆಲ್ಲಲಿಲ್ಲ. ಸತ್ತ ಮೀನುಗಳ ನೆನಪಿಗಾಗಿ ಸ್ಮಾರಕವನ್ನು ನಿಲ್ಲಿಸಿದರು, ಉಳಿದವುಗಳನ್ನು ಕಾದರು. ವೀರರಿಗೆ ಕಲ್ಲು ನೆಟ್ಟ ನಾಡಿನಲ್ಲಿ ಮೀನಿಗೂ ಸ್ಮಾರಕವಾಯಿತು.

ನಂಬಿಕೆಯಿಂದ ಮಾತ್ರವಲ್ಲ, ಕೆಲಸದ ಬಗೆಯಿಂದಲೂ ಮಿತಿಯು ಹುಟ್ಟುವುದುಂಟು. ದಕ್ಷಿಣ ಕನ್ನಡದಲ್ಲಿಯೂ ನೆರೆಯ ಕಾಸರಗೋಡಿನಲ್ಲಿಯೂ ಗುಡ್ಡದ ಮಗ್ಗುಲಿನಲ್ಲಿ ಅಡ್ಡಲಾಗಿ ಕೊರೆದ ಸುರಂಗಗಳು ಸಾವಿರಾರು ಇವೆ. ಒಬ್ಬ ಮನುಷ್ಯನು ನುಸುಳುವಷ್ಟು ಅಗಲ, ಎದ್ದು ನಿಲ್ಲುವಷ್ಟು ಎತ್ತರ. ದೀಪದ ಬೆಳಕಿನಲ್ಲಿ, ಒಂದು ಪಿಕಾಸಿಯೊಡನೆ, ಮುರಕಲ್ಲನ್ನು ಕಡಿಯುತ್ತ ಒಳಹೋದರೆ ಕೊನೆಗೊಂದು ಕಡೆ ನೀರು ಜಿನುಗುವುದು. ಅದು ತಾನಾಗಿಯೇ ಹರಿದುಬಂದು ಅಂಗಳದ ತೊಟ್ಟಿಯನ್ನು ತುಂಬುವುದು. ಹಗ್ಗವಿಲ್ಲ, ರಾಟೆಯಿಲ್ಲ, ಯಂತ್ರವಿಲ್ಲ. ಗುಡ್ಡದ ಮೇಲಿರುವ ಮನೆಯ ಹೆಂಗಸು ಕೊಡವನ್ನು ಹೊತ್ತು ಏರಿ ಇಳಿಯುವ ಕಷ್ಟವೂ ತಪ್ಪುವುದು. ಇದರಲ್ಲಿ ಮುಖ್ಯವಾಗಿ ಗಮನಿಸತಕ್ಕದ್ದು ಇಷ್ಟೇ: ಗುಡ್ಡವು ತಾನಾಗಿ ಕೊಟ್ಟಷ್ಟು ನೀರನ್ನೇ ಸುರಂಗವು ತರಬಲ್ಲುದು, ಅದಕ್ಕಿಂತ ಹೆಚ್ಚನ್ನು ಎಳೆಯಲು ಅದಕ್ಕೆ ಶಕ್ತಿಯಿಲ್ಲ. ಕೊಳವೆಬಾವಿಯು ಬಂದ ಮೇಲೆ ಎಳೆಯುವ ಶಕ್ತಿಯೂ ಬಂದಿತು. ಹಲವು ಸುರಂಗಗಳು ಒಣಗಿದುವು.

ಅಘನಾಶಿನಿಯ ಅಳಿವೆಯಲ್ಲಿ ಕಗ್ಗವೆಂಬ ಭತ್ತವನ್ನು ಬೆಳೆಯುವರು. ಅಣೆಕಟ್ಟಿಲ್ಲದೆ ಸಮುದ್ರವನ್ನು ಸೇರುವ ನದಿಯದು. ಅದರ ಅಳಿವೆಯು ೨೦೨೪ರಲ್ಲಿ ರಾಮ್‌ಸಾರ್ ಪಟ್ಟಿಯನ್ನು ಸೇರಿತು. ಅಲ್ಲಿಯ ಗಜನಿ ಗದ್ದೆಗಳಿಗೆ ಕಡಲಿನ ಉಪ್ಪುನೀರು ನುಗ್ಗುವುದು. ಬೇರೆ ಭತ್ತವು ಸಾಯುವ ಆ ಉಪ್ಪಿನಲ್ಲಿ ಕಗ್ಗವು ಎತ್ತರವಾಗಿ ಬೆಳೆಯುವುದು. ಅದಕ್ಕೆ ಗೊಬ್ಬರವನ್ನೂ ಹಾಕುವುದಿಲ್ಲ. ಕೊಯ್ಲಿನಲ್ಲಿ ತೆನೆಯನ್ನು ಮಾತ್ರ ಕೊಯ್ದು ದಂಟನ್ನು ನೀರಿನಲ್ಲಿಯೇ ಬಿಡುವರು. ಅದು ಕೊಳೆತು ಮೀನು ಸೀಗಡಿಗಳಿಗೆ ಆಹಾರವಾಗುವುದು. ಅನಂತರ ಅದೇ ಗದ್ದೆಯಲ್ಲಿ ಮೀನಿನ ಬೆಳೆ. ಒಡ್ಡು ಒಡೆದರೆ ಎಲ್ಲರ ಗದ್ದೆಯೂ ಹಾಳಾಗುವುದರಿಂದ ಒಡ್ಡಿನ ಕೆಲಸಕ್ಕೆ ಊರೆಲ್ಲವೂ ಕೂಡಬೇಕು. ಸೀಗಡಿಯ ಬೆಲೆಯೇರಿ ಭತ್ತವನ್ನು ಕೈಬಿಟ್ಟ ಕಡೆಗಳಲ್ಲಿ ಒಡ್ಡಿನೊಡನೆ ಆ ಕೂಟವೂ ಸಡಿಲಿತು. ಕಗ್ಗದ ಬೀಜವನ್ನು ಇಟ್ಟುಕೊಂಡಿರುವ ಮನೆಗಳು ಈಗ ಕೆಲವೇ.

ಹೀಗೆಂದ ಮಾತ್ರಕ್ಕೆ ಹಳೆಯ ಆಚಾರವೆಲ್ಲವೂ ಉತ್ತಮವೆಂದು ಹೇಳುವುದು ನನ್ನ ಅಭಿಪ್ರಾಯವಲ್ಲ. ಅನೇಕ ಕಟ್ಟುಗಳ ಬುಡದಲ್ಲಿ ಭಯವಿದ್ದಿತು. ಮರವನ್ನು ಕಡಿದವನಿಗೆ ಕೇಡಾಗುವುದು, ಮೀನನ್ನು ಹಿಡಿದವನ ಮನೆಗೆ ರೋಗ ಬರುವುದು ಎಂಬ ಅಂಜಿಕೆ. ಕೆಲವು ಕಟ್ಟುಗಳು ಕೆಲವರನ್ನು ಹೊರಗಿಟ್ಟುವು. ವಿದ್ಯೆಯು ಹರಡಿದಂತೆ ಅಂತಹ ಭಯವು ಅಳಿದದ್ದು ಒಳ್ಳೆಯದೇ. ಆದರೆ ಭಯವು ಹೋದ ಮೇಲೆ ಅದು ಕಾಯುತ್ತಿದ್ದ ವಸ್ತುವನ್ನು ಕಾಯುವವರು ಯಾರು? ಇದೇ ನಮ್ಮ ಮುಂದಿರುವ ನಿಜವಾದ ಪ್ರಶ್ನೆ. ಭೂತದ ಅಂಜಿಕೆಯನ್ನು ಬಿಟ್ಟವನು ಬನದ ಮರವನ್ನು ನಿಶ್ಶಂಕೆಯಿಂದ ಮಾರಿದರೆ ಅವನಿಗೆ ವಿದ್ಯೆಯಿಂದ ಬಂದ ಲಾಭವು ಅರ್ಧ ಮಾತ್ರ. ಭಯವು ಇಷ್ಟು ಕಾಲ ಕಾದುದನ್ನು ಇನ್ನು ಮುಂದೆ ಅರಿವು ಕಾಯಬೇಕು. ಕಾಯ್ದೆಯು ಬೇಲಿಯನ್ನು ಹಾಕಬಲ್ಲುದು, ಸರ್ಕಾರವು ಪರಿಹಾರವನ್ನು ಕೊಡಬಲ್ಲುದು, ಇವೆರಡೂ ಬೇಕು. ಆದರೆ ಬೆಳ್ಳೂರಿನ ಹಕ್ಕಿಯನ್ನು ಕಾಯ್ದೆಯು ಮಗಳೆಂದು ಕರೆಯಲಾರದು.

ಈ ಸಂಚಿಕೆಯನ್ನು ಓದುವ ಪೂರ್ವ ವಿದ್ಯಾರ್ಥಿನಿಯರಲ್ಲಿ ಹಲವರು ಇಂದು ದೂರದ ಊರುಗಳಲ್ಲಿ ಮನೆಯನ್ನು ನಡೆಸುತ್ತಿರುವರು. ಹಲವರು ಉಪಾಧ್ಯಾಯಿನಿಯರೂ ದಾದಿಯರೂ ಅಧಿಕಾರಿಣಿಯರೂ ಆಗಿರುವರು. ಮಾತಾಪಿತೃಗಳೂ ಇದನ್ನು ಓದುವರೆಂದು ನಂಬುವೆನು. ಅವರೆಲ್ಲರಲ್ಲಿ ನನ್ನ ವಿಜ್ಞಾಪನೆಯು ಚಿಕ್ಕದು. ನಿಮ್ಮ ಊರಿನಲ್ಲಿಯೂ ಇಂತಹುದೊಂದು ಇದ್ದೇ ಇರುವುದು: ಯಾರೂ ಕಡಿಯದ ಒಂದು ಮರ, ಬಲೆ ಬೀಸದ ಒಂದು ಮಡು, ಅಜ್ಜಿಯ ಮಡಕೆಯಲ್ಲಿ ಉಳಿದ ಒಂದು ಹಿಡಿ ಬೀಜ. ಅದೇಕೆ ಹಾಗೆ ಉಳಿಯಿತೆಂದು ಹಿರಿಯರನ್ನು ಕೇಳಿರಿ. ಕೇಳಿದ್ದನ್ನು ಮಕ್ಕಳ ಕೈಯಲ್ಲಿ ಬರೆಯಿಸಿರಿ. ರಜೆಯಲ್ಲಿ ಮಕ್ಕಳನ್ನು ದೂರದ ವಿಹಾರಸ್ಥಾನಗಳಿಗೆ ಕರೆದೊಯ್ಯುವಂತೆಯೇ ಒಂದು ದಿನ ಅಲ್ಲಿಗೂ ಕರೆದೊಯ್ಯಿರಿ. ಅಲ್ಲಿ ಗದ್ದಲ ಮಾಡದೆ, ಕಾಗದ ಸೀಸೆಗಳನ್ನು ಚೆಲ್ಲದೆ, ನೋಡಿಬರುವುದನ್ನು ಕಲಿಸಿರಿ. ಆ ತಾಣವನ್ನು ಕಾದವರ ಮತಾಚಾರಗಳು ನಮ್ಮವಾಗಿರಬೇಕಾದುದಿಲ್ಲ. ಅವರು ತೋರಿದ ಸಂಯಮವನ್ನು ಗೌರವಿಸಲು ಯಾವ ಮತವೂ ಅಡ್ಡಿಮಾಡದು.

ನಾಡಿನ ಮೇಲಣ ಪ್ರೀತಿಯು ಬಾವುಟದ ದಿನದ ಭಾಷಣದಿಂದ ಮಾತ್ರ ಬೆಳೆಯತಕ್ಕದ್ದಲ್ಲ. ಹೆಸರು ತಿಳಿಯದ ವಸ್ತುವನ್ನು ಪ್ರೀತಿಸುವುದು ಕಷ್ಟ. ಪ್ರೀತಿಸದ ವಸ್ತುವನ್ನು ಕಾಯುವುದು ಇನ್ನೂ ಕಷ್ಟ. ಹೆಜ್ಜಾರ್ಲೆ, ರಾಮಪತ್ರೆ, ಸಿಂಗಳೀಕ, ಕಗ್ಗ ಎಂಬ ಹೆಸರುಗಳು ನಮ್ಮ ಮಕ್ಕಳ ಬಾಯಿಯಲ್ಲಿ ಪೆಂಗ್ವಿನ್ನಿನಷ್ಟೇ ಸಲೀಸಾಗಿ ಹೊರಳಿದರೆ ಹಿತ್ತಲ ಗಿಡವೂ ಮದ್ದೆಂದು ನಾವು ಕಲಿತಂತಾಗುವುದು.